ಕೆಂಪು ಎಲ್ಲಿ ಶುರುವಾಯಿತು

ಮೊದಲ ಸಲ ನಾನೇ ಸನ್‌ಬರ್ಸ್ಟ್ ಹೊಡೆದಾಗ ನನ್ನ ಗಿಟಾರಿನ ಮೇಲೆ ಹಸಿರು ಬಂದಿತ್ತು. ಸನ್‌ಬರ್ಸ್ಟ್ ಅಂದರೆ ನಡುವೆ ತಿಳಿಯಾಗಿದ್ದು ಅಂಚಿನ ಕಡೆಗೆ ಗಾಢವಾಗುತ್ತಾ ಹೋಗುವ ಬಣ್ಣ. ನಾನು ಹಾಕಿದ್ದು ಹಳದಿ ಮತ್ತು ಕಪ್ಪು, ಎರಡೇ ಬಣ್ಣ. ಆದರೂ ಹಳದಿ ಮುಗಿದು ಕಪ್ಪು ಶುರುವಾಗುವ ಜಾಗದಲ್ಲಿ ಸುತ್ತಲೂ ಪಾಚಿ ಕಟ್ಟಿದ ಹಾಗೆ ಒಂದು ಮಂಕು ಪಟ್ಟಿ. ಹಳದಿಯ ಮೇಲೆ ಕಪ್ಪು ತೆಳ್ಳಗೆ ಬಿದ್ದರೆ ಕಣ್ಣಿಗೆ ಹಸಿರಾಗಿ ಕಾಣುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ ಅನ್ನುವ ಎಲೆಕ್ಟ್ರಿಕ್ ಗಿಟಾರಿನ ಆಕಾರದ ಬಾಡಿ ಅದು. ಹಿಂದೆ ಮಹಾಗನಿ, ಮುಂದೆ ಎರಡು ಹೋಳು ಮೇಪಲ್. ಒಂದೇ ಹಲಗೆಯನ್ನು ಸೀಳಿ, ಪುಸ್ತಕ ಬಿಡಿಸಿದ ಹಾಗೆ ಅಕ್ಕಪಕ್ಕ ಇಟ್ಟು ನಡುವೆ ಅಂಟಿಸಿದ್ದು. ಮರದ ಎಳೆಗಳು ನೇರವಾಗಿರಲಿಲ್ಲ, ಅಲೆಅಲೆಯಾಗಿದ್ದವು. ಹೀಗಾಗಿ ಬಾಡಿಯನ್ನು ಸ್ವಲ್ಪ ವಾಲಿಸಿದರೆ ಹೊಳೆಯುತ್ತಿದ್ದ ಪಟ್ಟೆ ಕಪ್ಪಾಗಿ, ಕಪ್ಪಾಗಿದ್ದ ಪಟ್ಟೆ ಹೊಳೆಯುತ್ತಿತ್ತು. ಅಂಥ ಮರದ ಅಂಚಿಗೆ ನಾನು ಡಬ್ಬಿ ಸ್ಪ್ರೇ ಹಿಡಿದು ದಪ್ಪ ಕಪ್ಪು ಪೇಂಟ್ ಹೊಡೆದಿದ್ದೆ. ಪಟ್ಟೆಗಳು ನಡುವಿನಿಂದ ಹೊರಟು ಆ ಕಪ್ಪಿನ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿದ್ದವು. ನೋಡಿದಾಗಲೆಲ್ಲ ಮನಸ್ಸಿಗೆ ಕಷ್ಟವಾಗುತ್ತಿತ್ತು.

ಗಿಟಾರ್ ಮಾಡುವ, ರಿಪೇರಿ ಮಾಡುವ ಹಿರಿಯರೊಬ್ಬರು ನನಗೆ ಪರಿಚಯ. ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬೈಯಲಿಲ್ಲ, ಏನೂ ಹೇಳಲೂ ಇಲ್ಲ. ಟ್ಯೂಬ್‌ಲೈಟ್ ಆರಿಸಿ, ಮೇಜಿನ ಪಕ್ಕದಿಂದ ಒಂದೇ ಒಂದು ದೀಪ ಓರೆಯಾಗಿ ಬೀಳುವ ಹಾಗೆ ಇಟ್ಟರು. ನನ್ನ ಬಾಡಿಯ ಪಕ್ಕದಲ್ಲೇ ತಮ್ಮದೊಂದು ಗಿಟಾರ್ ಮಲಗಿಸಿದರು.

"ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಪ್ಪಾ. ಮೊದಲು ಏನು ಕಾಣುತ್ತೆ?"

ನನ್ನದರಲ್ಲಿ ಮೊದಲು ಕಂಡಿದ್ದು ಕಪ್ಪು ಉಂಗುರ. ಅವರದರಲ್ಲಿ ಕಂಡಿದ್ದು ಮರ.

"ಈಗ ಹತ್ತಿರ ಬಾ. ನನ್ನದರಲ್ಲಿ ಕೆಂಪು ಎಲ್ಲಿ ಶುರುವಾಯ್ತು, ಬೆರಳಿಟ್ಟು ತೋರಿಸು."

ಬೆರಳು ಇಟ್ಟೆ, ತೆಗೆದೆ, ಇನ್ನೊಂದು ಕಡೆ ಇಟ್ಟೆ. ಎಲ್ಲಿಟ್ಟರೂ ಅದಕ್ಕಿಂತ ಸ್ವಲ್ಪ ಒಳಗೇ ಕೆಂಪು ಶುರುವಾಗಿದೆ ಅನಿಸುತ್ತಿತ್ತು. ಸನ್‌ಬರ್ಸ್ಟ್‌ನಲ್ಲಿ ಚೆಂದ ಅನ್ನುವುದು ನಡುವಿನ ಹಳದಿಯಲ್ಲೂ ಇಲ್ಲ, ಅಂಚಿನ ಕಪ್ಪಿನಲ್ಲೂ ಇಲ್ಲ, ಅವೆರಡರ ನಡುವಿನ ಆ ಎರಡು ಇಂಚಿನಲ್ಲೇ ಇದೆ ಅಂತ ನನಗೆ ಅನಿಸಿದ್ದು ಅವತ್ತೇ.

ಹಳೆಯ ಪೇಂಟ್ ಉಜ್ಜಿ ತೆಗೆದು ಬಿಳಿ ಮರ ಕಾಣುವ ಹೊತ್ತಿಗೆ ಕೆಲವು ವಾರ ಹಿಡಿಯಿತು. ಅದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಎರಡನೇ ಸಲ ಬಣ್ಣ ಹಾಕಿದ್ದು ಒಂದು ಭಾನುವಾರ, ಅವರ ಶೆಡ್ಡಿನಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ.

ಬೆಳಿಗ್ಗೆ ಮೊದಲು ಒದ್ದೆ ಬಟ್ಟೆಯಿಂದ ಮರ ಒರೆಸಿದೆವು. ನೀರು ತಾಗಿದರೆ ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ 320ರ ಸ್ಯಾಂಡ್‌ಪೇಪರಿನಲ್ಲಿ ಹಗುರಾಗಿ ಉಜ್ಜಿ ಕೂರಿಸಿದೆವು. ಹೀಗೆ ಮಾಡದಿದ್ದರೆ ನೀರಿನಲ್ಲಿ ಕಲಸಿದ ಬಣ್ಣ ಹಾಕಿದಾಗ ಮೇಲ್ಮೈ ಒರಟಾಗಿಬಿಡುತ್ತದೆ. ಒಂದು ಕಡೆ ಅಂಟಿನ ಚುಕ್ಕೆ ಉಳಿದಿದ್ದು ಆ ಒದ್ದೆಯಲ್ಲೇ ಕಣ್ಣಿಗೆ ಬಿತ್ತು. ಅಂಟು ಇದ್ದ ಕಡೆ ಮರ ಬಣ್ಣ ಕುಡಿಯುವುದಿಲ್ಲ, ಬಿಳಿ ಕಲೆಯಾಗಿ ಉಳಿಯುತ್ತದೆ. ಅದನ್ನೂ ಕೆರೆದು ತೆಗೆದೆ.

ಆಮೇಲೆ ಹಳದಿ. ಪುಡಿ ಬಣ್ಣ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಅದ್ದಿ ಇಡೀ ಮರಕ್ಕೆ ಒರೆಸಿದೆವು, ಅಂಚು ಬಿಡದೆ. ಇಲ್ಲಿ ಬಣ್ಣ ಮರದ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಬೆಳಕು ಅದರೊಳಗೆ ಹೋಗಿ, ಎಳೆಗೆ ತಾಗಿ, ಮತ್ತೆ ಅದೇ ಬಣ್ಣದ ಮೂಲಕ ಹೊರಗೆ ಬರುತ್ತದೆ. ನಾನು ಹೊಡೆದಿದ್ದ ಡಬ್ಬಿ ಪೇಂಟ್ ಆ ದಾರಿಯನ್ನೇ ಮುಚ್ಚಿತ್ತು. ಅಲೆ ಇಲ್ಲದ ಮರವಾದರೆ ಈ ಲೆಕ್ಕ ಬೇರೆ. ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೆ ಬಳಸುವ ಆಲ್ಡರ್ ಮರದಲ್ಲಿ ತೋರಿಸುವಂಥ ಪಟ್ಟೆ ಇರುವುದಿಲ್ಲ, ಅಲ್ಲಿ ಬಣ್ಣವೇ ಕಣ್ಣು ಸೆಳೆಯಬೇಕು, ಅಂಚು ಗಟ್ಟಿ ಕಪ್ಪಾಗಿದ್ದರೂ ಒಪ್ಪುತ್ತದೆ. 1954ರಲ್ಲಿ ಫೆಂಡರ್ ಆ ಗಿಟಾರನ್ನು ಹಳದಿ ಮತ್ತು ಗಾಢ ಬಣ್ಣ ಎರಡೇ ಇರುವ ಸನ್‌ಬರ್ಸ್ಟ್‌ನಲ್ಲಿ ತಂದಿತ್ತು. 1958ರಲ್ಲಿ ನಡುವೆ ಕೆಂಪು ಸೇರಿಸಿತು. ನನಗೆ ಆ ಮೂರು ಬಣ್ಣದ್ದೇ ಇಷ್ಟ, ಹಸಿರು ಕಂಡು ಸಂಕಟಪಟ್ಟವನಿಗೆ ಅದು ಇಷ್ಟವಾಗದೆ ಇರುತ್ತದಾ?

ಹಳದಿ ಒಣಗಿದ ಮೇಲೆ ತೆಳ್ಳಗೆ ಲ್ಯಾಕ್ಕರ್ (ಮರಕ್ಕೆ ಹೊಳಪು ಕೊಡುವ ಪಾರದರ್ಶಕ ಲೇಪ) ಹೊಡೆದು, ಸ್ಪ್ರೇ ಗನ್ನಿಗೆ ಕೆಂಪು ಬೆರೆಸಿದ ಲ್ಯಾಕ್ಕರ್ ಹಾಕಿದರು. ಗನ್ ನನ್ನ ಕೈಗೆ ಕೊಟ್ಟರು. ನಾನು ಅಂಚಿನಿಂದ ಒಳಗೆ ಮುಖ ಮಾಡಿ ಹಿಡಿದೆ. ಅವರು ಮಣಿಕಟ್ಟು ಹಿಡಿದು ತಿರುಗಿಸಿದರು.

"ಹೊರಗೆ ಮುಖ ಮಾಡಿ ಹಿಡಿ. ಮಂಜು ಬಾಡಿ ದಾಟಿ ಆಚೆ ಬೀಳಬೇಕು, ನಡುವಿಗೆ ಬರಬಾರದು."

ಇಷ್ಟೇ ವಿಷಯ. ಆದರೆ ಹೊರಗೆ ಮುಖ ಮಾಡಿದ ಗನ್ನಿನಿಂದ ಹಾರುವ ಸಣ್ಣ ಹನಿಗಳ ಒಂದು ಪಾಲು ಮಾತ್ರ ಒಳಗಡೆ ಬೀಳುತ್ತದೆ, ಒಳಗೆ ಹೋದಷ್ಟೂ ಕಡಿಮೆಯಾಗುತ್ತಾ ಹೋಗುತ್ತದೆ. ಬೆರಳಿಟ್ಟು ತೋರಿಸಲು ಆಗದ ಆ ಗೆರೆ ಇಲ್ಲೇ ಹುಟ್ಟುವುದು. ಕಡಿಮೆ ಗಾಳಿ, ಕಡಿಮೆ ಬಣ್ಣ, ಬಾಡಿಯ ಸುತ್ತ ನಿಲ್ಲದೆ ಒಂದು ಸುತ್ತು. ನಿಂತರೆ ಅಲ್ಲೊಂದು ಮಚ್ಚೆ. ಮೊದಲ ಎರಡು ಸುತ್ತಿನಲ್ಲಿ ಏನೂ ಆದ ಹಾಗೆ ಕಾಣಲಿಲ್ಲ. ಮೂರನೆಯದರಲ್ಲಿ ಹಳದಿಯ ಅಂಚು ಕಿತ್ತಳೆಯಾಯಿತು, ಕಿತ್ತಳೆ ಬಣ್ಣ ಯಾರೂ ಹಾಕದೆಯೇ. ಹಳದಿಯ ಮೇಲೆ ಕೆಂಪು ತೆಳ್ಳಗೆ ಬಿದ್ದಲ್ಲಿ ಕಿತ್ತಳೆ, ದಪ್ಪಗೆ ಬಿದ್ದಲ್ಲಿ ಕೆಂಪು. ಕಪ್ಪು ಹಳದಿಯನ್ನು ನೇರವಾಗಿ ಮುಟ್ಟದ ಹಾಗೆ ಈ ಕೆಂಪು ನಡುವೆ ನಿಲ್ಲುತ್ತದೆ.

ಕೆಂಪಿನ ಬಗ್ಗೆ ಇನ್ನೊಂದು ಮಾತು, ಅದು ಒಣಗುವ ಹೊತ್ತಿನಲ್ಲಿ ಅವರು ಹೇಳಿದ್ದು. ಗಿಬ್ಸನ್ 1958ರಲ್ಲಿ ಲೆಸ್ ಪಾಲ್‌ಗೆ ಚಿನ್ನದ ಬಣ್ಣ ಬಿಟ್ಟು ಚೆರ್ರಿ ಸನ್‌ಬರ್ಸ್ಟ್ ಹಾಕಲು ಶುರುಮಾಡಿತು. ಆಗ ಬಳಸಿದ ಕೆಂಪು ಬಿಸಿಲಿಗೆ ತಡೆಯುತ್ತಿರಲಿಲ್ಲ. ಗಾಜಿನ ಕಿಟಕಿಯಲ್ಲಿ ಮಾರಾಟಕ್ಕೆ ತೂಗುಹಾಕಿದ ಗಿಟಾರುಗಳ ಕೆಂಪು ನಿಧಾನಕ್ಕೆ ಮಾಸಿ, ಕೆಲವು ಚಹಾದ ಬಣ್ಣಕ್ಕೆ, ಕೆಲವು ಜೇನಿನ ಬಣ್ಣಕ್ಕೆ, ಕೆಲವು ಬರೀ ನಿಂಬೆ ಹಳದಿಗೆ ತಿರುಗಿದವು. ಗೀರು ಬೀಳದ ಹಾಗೆ ಬಾಡಿಯ ಮೇಲೆ ಕೂರಿಸುವ ಪಿಕ್‌ಗಾರ್ಡ್ ಅನ್ನುವ ಪಟ್ಟಿ ಬಿಚ್ಚಿದರೆ ಅದರ ಕೆಳಗೆ ಮಾತ್ರ ಹಳೆಯ ಕೆಂಪು ಹಾಗೇ ಉಳಿದಿರುತ್ತದೆ. 1960ರಲ್ಲಿ ಮಾಸದ ಕೆಂಪು ಬಂತು. ಆದರೆ ಜನ ಈಗ ಹುಡುಕುವುದು, ಹೊಸ ಗಿಟಾರಿನಲ್ಲೂ ಅನುಕರಿಸುವುದು, ಆ ಮಾಸಿದ ಬಣ್ಣಗಳನ್ನೇ. ಒಂದೊಂದೂ ಬೇರೆ, ಯಾವುದರಲ್ಲೂ ಎಲ್ಲಾ ಕಡೆ ಒಂದೇ ಸಮ ಮಾಸಿಲ್ಲ. ಅದಕ್ಕೇ ಅಷ್ಟು ಚೆಂದ ಅಂತ ನನ್ನ ನಂಬಿಕೆ.

ಮಧ್ಯಾಹ್ನ ಕೊನೆಯ ಬಣ್ಣ. ಕಪ್ಪಲ್ಲ, ಗಾಢ ಕಂದು, ಅದೂ ಪಾರದರ್ಶಕ. ಅಂಚಿನ ಅರ್ಧ ಇಂಚಿಗೆ ಮಾತ್ರ. ನಾನು ಹೆದರುತ್ತಿದ್ದದ್ದು ಕೊಂಬಿನ ಜಾಗಕ್ಕೆ, ಅಂದರೆ ಬಾಡಿಯ ಮೇಲ್ಭಾಗದಲ್ಲಿ ಚೂಪಾಗಿ ಚಾಚಿದ ತುದಿಗೆ. ಅಲ್ಲಿ ಎರಡು ಅಂಚು ಹತ್ತಿರ ಬರುತ್ತವೆ, ಈ ಕಡೆಯಿಂದ ಬಂದ ಬಣ್ಣದ ಮೇಲೆ ಆ ಕಡೆಯದೂ ಬಿದ್ದು ತುದಿ ಕಪ್ಪು ಮುದ್ದೆಯಾಗುತ್ತದೆ. ಸೊಂಟದ ಹತ್ತಿರವೂ ಅಷ್ಟೇ, ಅಲ್ಲಿ ಬಾಡಿ ಕಿರಿದು, ಗಾಢ ಪಟ್ಟಿಯನ್ನೂ ಕಿರಿದು ಮಾಡಬೇಕು. ಇಲ್ಲದಿದ್ದರೆ ನಡುವಿನ ಬೆಳಕು ಎರಡು ತುಂಡಾಗಿ ಕಾಣುತ್ತದೆ. ಹಳದಿ ಭಾಗ ಮೊಟ್ಟೆಯಾಕಾರವಾಗಿ ನಡುವೆ ಕೂತುಬಿಟ್ಟರೆ ಎಷ್ಟು ನಯವಾಗಿ ಬೆರೆತರೂ ಚೆಂದವಿಲ್ಲ. ಅದು ಗಿಟಾರಿನ ಆಕಾರವನ್ನೇ ಒಳಗೆ ಮತ್ತೊಮ್ಮೆ ಬರೆದ ಹಾಗಿರಬೇಕು.

ಎರಡು ಸುತ್ತು ಹೊಡೆದೆ. ಇನ್ನೊಂದು ಬೇಕು ಅನಿಸಿತು, ಗನ್ ಎತ್ತಿದೆ.

"ಸಾಕು, ಇಡು."

"ಸರ್, ಇನ್ನೂ ತೆಳ್ಳಗಿದೆ ಅಲ್ವಾ?"

"ಮೇಲೆ ಲ್ಯಾಕ್ಕರ್ ಬಂದ ಮೇಲೆ ಹೇಳು."

ಸಂಜೆ ಬಣ್ಣವಿಲ್ಲದ ಲ್ಯಾಕ್ಕರ್ ಒಂದು ಸುತ್ತು ಬಿತ್ತು. ಒಣ ಕಲ್ಲಿಗೆ ನೀರು ಬಿದ್ದ ಹಾಗೆ ಎಲ್ಲಾ ಬಣ್ಣ ಒಮ್ಮೆಲೇ ಆಳಕ್ಕೆ ಇಳಿಯಿತು. ಆ ಮೂರನೇ ಸುತ್ತು ಹೊಡೆದಿದ್ದರೆ ಅಂಚು ಪೂರ್ತಿ ಮುಚ್ಚಿಹೋಗುತ್ತಿತ್ತು. ಅವರು ಮತ್ತೆ ಟ್ಯೂಬ್‌ಲೈಟ್ ಆರಿಸಿ ಅದೇ ದೀಪ ಓರೆಯಾಗಿ ಇಟ್ಟರು. ಹಿಡಿದುಕೊಳ್ಳಲು ಬಾಡಿಗೆ ಕಟ್ಟಿದ್ದ ಕೋಲು ಹಿಡಿದು ನಾನು ಬಾಡಿಯನ್ನು ನಿಧಾನಕ್ಕೆ ವಾಲಿಸಿದೆ. ಪಟ್ಟೆಗಳು ನಡುವಿನ ಹಳದಿಯಿಂದ ಹೊರಟವು, ಕಿತ್ತಳೆ ದಾಟಿದವು, ಕೆಂಪು ದಾಟಿದವು, ಕಂದಿನೊಳಗೆ ಹೋದ ಮೇಲೂ ಮಸುಕಾಗಿ ಕಾಣುತ್ತಾ ಅಂಚಿನವರೆಗೂ ಹೋದವು. ಕೊಂಬಿನ ತುದಿಯಲ್ಲಿ ಮಾತ್ರ ನನ್ನ ಕೈ ಒಂದು ಕ್ಷಣ ನಿಂತಿತ್ತು, ಅಲ್ಲಿ ಕೂದಲೆಳೆಯಷ್ಟು ಜಾಸ್ತಿ ಕಪ್ಪಿದೆ.

ಸರಿಮಾಡೋಣವಾ ಅಂತ ಕೇಳಿದೆ. ಅವರು ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿದರು. ಬೇಡ ಅಂದರು.