ಬಿಟ್ಟ ಚಟದ ಜಾಗದಲ್ಲಿ ಏನನ್ನಿಡಬೇಕು?

ಧಾರವಾಡದ ಹಾಸ್ಟೆಲಿನಲ್ಲಿದ್ದು ಓದಿದ ನಮಗೆ ದುಶ್ಚಟಗಳನ್ನು ಬಿಡಿರೆಂದು ಉಪದೇಶಿಸಿದವರು ಬಹಳ ಜನ. ಬಿಟ್ಟ ಚಟದ ಜಾಗದಲ್ಲಿ ಏನನ್ನಿಡಬೇಕೆಂದು ತಿಳಿಸಿಕೊಟ್ಟವರು ನಮ್ಮ ವಾರ್ಡನ್ ಮಾಸ್ತರರೊಬ್ಬರೇ.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಗುವುದಕ್ಕಿಂತ ಬಹಳ ಹಿಂದಿನ ಕಾಲವದು. ಪಾನ್ ಅಂಗಡಿಯ ಮುಂದೆ ಪಾಕೀಟುಗಳ ಸರ ತೂಗುತ್ತಿತ್ತು, ಪಕ್ಕದಲ್ಲೇ ಓಸಿ ಎಂಬ ಅಂಕಿಯ ಜೂಜಿನ ಚೀಟಿ ಬರೆಯುವವನು ಕುಳಿತಿರುತ್ತಿದ್ದನು.

ಮಾಸ್ತರರು ಸಂಜೆಯ ಪ್ರಾರ್ಥನೆಯ ನಂತರ ದೊಡ್ಡ ಹುಡುಗರನ್ನು ಉಳಿಸಿಕೊಂಡು ಮಾತನಾಡುತ್ತಿದ್ದರು. ನರಕದ ಭಯವನ್ನು ಅವರು ಎಂದೂ ಮುಂದಿಡಲಿಲ್ಲ. ಬೈಬಲಿನ ಆದಿಕಾಂಡದ 39ನೆಯ ಅಧ್ಯಾಯವನ್ನು ಓದಿ, ತನ್ನೊಡನೆ ಮಲಗೆಂದು ದಿನದಿನವೂ ಒತ್ತಾಯಿಸುತ್ತಿದ್ದ ಯಜಮಾನನ (ಪೋಟೀಫರನ) ಹೆಂಡತಿಯ ಕೈಯಲ್ಲಿ ಮೇಲಂಗಿಯನ್ನೇ ಬಿಟ್ಟು ಯೋಸೇಫನು ಓಡಿಹೋದದ್ದನ್ನೂ, ಯೌವನದ ಇಚ್ಛೆಗಳಿಂದ ದೂರ ಓಡೆಂದು ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದನ್ನೂ ಒಟ್ಟಿಗೆ ತೋರಿಸಿ, “ತಮ್ಮಾ, ಚಟದ ಜೋಡಿ ಗುದ್ದಾಡಾಕ ನಿಂತರ ನೀ ಸೋಲ್ತಿ, ಆ ಓಣಿ ಬಿಟ್ಟು ಬ್ಯಾರೆ ಓಣಿ ಹಿಡಿ” ಎನ್ನುತ್ತಿದ್ದರು. ಇದು ಹೇಡಿತನವೆಂದು ಕೆಲವರು ಭಾವಿಸಿದ್ದುಂಟು. ತನ್ನ ಬಲಹೀನತೆಯನ್ನು ಅರಿತವನ ವಿವೇಕವಿದು ಎಂಬುದೇ ನನ್ನ ದೃಢವಾದ ನಂಬಿಕೆ.

ಆದರೆ ಓಡಿದವನು ಎಲ್ಲಿಗಾದರೂ ಸೇರಬೇಕಲ್ಲ! ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ, ಮನುಷ್ಯನನ್ನು ಬಿಟ್ಟುಹೋದ ದೆವ್ವವು ತಿರುಗಿ ಬಂದು, ಗುಡಿಸಿ ಅಲಂಕರಿಸಿದ ಮನೆಯು ಬರಿದಾಗಿರುವುದನ್ನು ಕಂಡು, ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತರುತ್ತದೆ. ಮಾಸ್ತರರು ಈ ಮಾತನ್ನು ಕೃತಿಯಲ್ಲಿ ತಂದವರು. ನಮ್ಮ ಕೋಣೆಯ ಹುಡುಗನೊಬ್ಬ ಗುಟ್ಕಾ ಬಿಡುವೆನೆಂದು ಬೈಬಲ್ ಮುಟ್ಟಿ ಆಣೆ ಮಾಡಲು ಬಂದಾಗ ಅವರು ಆಣೆಯನ್ನು ತಡೆದು, ಯಾವ ಹೊತ್ತಿಗೆ ಅಂಗಡಿಗೆ ಹೋಗುತ್ತೀಯೆಂದು ಮಾತ್ರ ಕೇಳಿದರು. ಸಂಜೆ ಆಟ ಮುಗಿದ ಮೇಲೆ ಎಂದನು. ಮರುದಿನದಿಂದ ಆ ಹೊತ್ತಿನಲ್ಲಿ ಗ್ರಂಥಾಲಯದ ಬೀಗದ ಕೈ ಅವನ ಕೈಗೆ ಬಂತು: ಬಾಗಿಲು ತೆಗೆಯುವುದು, ಕಪಾಟಿನ ಧೂಳು ಒರೆಸುವುದು, ಹರಿದ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚಿ ಕಾಗದ ಅಂಟಿಸುವುದು, ಸಣ್ಣ ಹುಡುಗರ ಹೆಸರನ್ನು ರಜಿಸ್ಟರಿನಲ್ಲಿ ಬರೆಯುವುದು. ಒಂದೆರಡು ಸಲ ಅವನು ಹಳೆಯ ದಾರಿಗೆ ಬಿದ್ದದ್ದು ನಿಜ. ಮಾಸ್ತರರು ಬೀಗದ ಕೈಯನ್ನು ಹಿಂದಕ್ಕೆ ಪಡೆಯಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಅವನ ಕಿಸೆಯಲ್ಲಿ ಪಾಕೀಟು ಇರುತ್ತಿರಲಿಲ್ಲ.

ಇಂದು ಜೂಜು ಪಾನ್ ಅಂಗಡಿಯನ್ನು ಬಿಟ್ಟು ಮೊಬೈಲಿನೊಳಗೆ ಸೇರಿ, ಹುಡುಗನ ಹಾಸಿಗೆಯವರೆಗೂ ಬರುತ್ತಿದೆ. ಬಿಟ್ಟು ಹೋಗಲು ಓಣಿಯೇ ಇಲ್ಲದಂತಾಗಿದೆ. ಆದ್ದರಿಂದ ನಮ್ಮ ಶಾಲೆಯ ಗ್ರಂಥಾಲಯವನ್ನು ಸಂಜೆಯೂ ತೆರೆದಿಟ್ಟು, ಅದರ ಹೊಣೆಯನ್ನು ಹುಡುಗರಿಗೇ ಒಪ್ಪಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಅದರ ಖರ್ಚಿನಲ್ಲಿ ನನ್ನ ಪಾಲನ್ನು ಸಂತೋಷದಿಂದ ಕೊಡುತ್ತೇನೆ.