ಹಳೆ ಲೈನರ್, ಹೊಸ ಬಾಲ್

ಜೂನ್ 14, 2024, ಶುಕ್ರವಾರ

ಡಾಕ್ಟರು ಡ್ರಾಯರಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಬಟ್ಟಲು ತೆಗೆದು ನನ್ನ ಅಂಗೈಯಲ್ಲಿಟ್ಟರು. ಯಾರದೋ ಸೊಂಟದ ಕೃತಕ ಕೀಲಿನಿಂದ ತೆಗೆದ ಲೈನರ್, ಕೀಲಿನ ಬಾಲ್ ತಿರುಗುವ ಒಳಪದರ. ಒಳಗೆ ಬೆರಳಾಡಿಸಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ, ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ಥರ. "ನಿಮ್ಮದೂ ಹೀಗೇ ಆಗಿದೆ ಮೇಷ್ಟ್ರೇ."

ನನ್ನದು 2009ರದ್ದು. ರಕ್ತ ಓಡದೆ ತೊಡೆಮೂಳೆಯ ತಲೆ ಕುಸಿದಾಗ ನನಗೆ 28. ಲೋಹದ ಬಾಲ್, ಪ್ಲಾಸ್ಟಿಕ್ ಲೈನರ್ ಹಾಕಿದ್ದರು. ನೆಲಕ್ಕೆ ಕೂರಬೇಡಿ ಅಂದಿದ್ದರೂ ಮದುವೆಮನೆ ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ. (ಅದನ್ನು ಇವತ್ತೂ ಬಾಯಿಬಿಡಲಿಲ್ಲ.) ಸವೆತಕ್ಕಿಂತ ಸವೆದ ಪುಡಿಯ ಕಾಟವೇ ಜಾಸ್ತಿ. ಮೈ ಆ ಪುಡಿಯ ಮೇಲೆ ಯುದ್ಧಕ್ಕೆ ಹೋಗಿ ಪಕ್ಕದ ಮೂಳೆಯನ್ನೇ ಕರಗಿಸುತ್ತದೆ. ಎಕ್ಸ್‌ರೇಯಲ್ಲಿ ಲೈನರ್ ಕೂರಿಸಿದ ಕಪ್ ಸಡಿಲ, ಅದರ ಹಿಂದೆ ಗುಳಿ. ಸೋಂಕೇನಿಲ್ಲ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ, ಕೀಲಿನ ನೀರಿನ ಪರೀಕ್ಷೆ ಎರಡೂ ಸರಿಯಾಗಿವೆ.

ಇದನ್ನು ತೆಗೆದು ಹೊಸದು ಹಾಕಬೇಕು. ಯಾವುದು ಹೆಚ್ಚು ವರ್ಷ ಬಾಳುತ್ತೆ ಅಂತ ಕೇಳಿದೆ. ಅವರ ಲೆಕ್ಕವೇ ಬೇರೆ. "ನಿಮಗಿನ್ನೂ 43. ಈ ಹೊಸದನ್ನೂ ಮುಂದೆ ತೆಗೆಯೋ ದಿನ ಬರಬಹುದು. ಆಗ ಮೂಳೆ ಉಳಿದಿರಬೇಕಲ್ಲ?"

ಅದಕ್ಕೇ ಬಾಲ್ ಹೊತ್ತು ತೊಡೆಮೂಳೆಯೊಳಗೆ ಇಳಿದಿರುವ ಕಾಂಡವನ್ನು, ಅಂದರೆ ಸ್ಟೆಮ್ಮನ್ನು, ಮುಟ್ಟುವುದಿಲ್ಲ. ಗಟ್ಟಿಯಾಗಿ ಕೂತಿದೆ, ಕೀಳಬೇಕೆಂದರೆ ತೊಡೆಮೂಳೆಯನ್ನೇ ಸೀಳಬೇಕಾದೀತು. ಗುಳಿಗೆ ಮೂಳೆಚೂರು ತುಂಬಿ, ಮೂಳೆ ಬೆಳೆದು ಕಚ್ಚಿಕೊಳ್ಳುವಂಥ ರಂಧ್ರಗಳ ಟೈಟಾನಿಯಂ ಕಪ್ ಕೂರಿಸಿ ಸ್ಕ್ರೂ ಹಾಕುತ್ತಾರೆ. ಒಳಗೆ ಕ್ರಾಸ್‌ಲಿಂಕ್ ಮಾಡಿದ, ಅಂದರೆ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ, ಪ್ಲಾಸ್ಟಿಕ್ ಲೈನರ್. ಹಳೆಯದಕ್ಕಿಂತ ಇದರ ಸವೆತ ಬಹಳ ಕಡಿಮೆ.

"ಪೂರ್ತಿ ಲೋಹದ್ದೇ ಗಟ್ಟಿಯಲ್ವಾ ಸರ್?" ಅಂದಳು ಅಕ್ಕ. ಲೋಹಕ್ಕೆ ಲೋಹ ಉಜ್ಜಿದರೆ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತವೆ, 2010ರಲ್ಲಿ ಡಿಪ್ಯೂ ಕಂಪನಿ ಅಂಥವೇ ಆದ ತನ್ನ ಎಎಸ್‌ಆರ್ ಹಿಪ್ಪುಗಳನ್ನು ವಾಪಸ್ ಕರೆಸಿಕೊಂಡಿತ್ತು ಅಂದರು. ಸೆರಾಮಿಕ್‌ಗೆ ಸೆರಾಮಿಕ್? ಸವೆಯುವುದು ಅತಿ ಕಡಿಮೆ, ಆದರೆ ಕೆಲವರಿಗೆ ಕಿರ್ ಅನ್ನುತ್ತೆ. ಅಪರೂಪಕ್ಕೆ ಒಡೆದರೆ ಆ ಚೂರುಗಳನ್ನು ಆರಿಸಿ ಮುಗಿಸುವುದು ಕಷ್ಟ.

ಕೊನೆಗೆ ಬಾಲ್ ಮಾತ್ರ ಸೆರಾಮಿಕ್ ಎಂದಾಯಿತು. ಮಾದರಿ ನೋಡಿದೆ, ಬೊಂಬಾಯಿ ಮಿಠಾಯಿ ಬಣ್ಣ! ಹಳೆ ಸ್ಟೆಮ್ಮಿನ ಕುತ್ತಿಗೆಯಲ್ಲಿ ಗೀರು ಇದ್ದರೆ ಸೆರಾಮಿಕ್ ಬಿರಿಯಬಹುದು, ಅದಕ್ಕೆ ನಡುವೆ ಟೈಟಾನಿಯಂ ಕವಚ ತೊಡಿಸುತ್ತಾರೆ. ಬಾಲ್ ದೊಡ್ಡದಾದಷ್ಟೂ ಕೀಲು ಜಾರುವ ಭಯ ಕಡಿಮೆ, ಆದರೆ ಲೈನರ್ ತೆಳುವಾಗುತ್ತದೆ. 32 ಮಿಲಿಮೀಟರೋ 36ಓ ಎನ್ನುವುದು ಆಪರೇಷನ್ ಟೇಬಲ್ ಮೇಲೇ ತೀರ್ಮಾನ.

ಏಳುವಾಗ ಕೇಳಿಯೇಬಿಟ್ಟೆ: "ಸರ್, ನನ್ನ ಹಳೆ ಲೈನರ್ ನನಗೆ ಕೊಡ್ತೀರಾ? ಎಂಟನೇ ಕ್ಲಾಸಿಗೆ ಘರ್ಷಣೆ ಪಾಠ ಇದೆ."

"ಮೊದಲು ತೆಗೆಯೋಣ, ತಡೀರಿ," ಅಂದರು.