ಫೈಲ್ ಬಂತು, ದಾರಿ ಬರಲಿಲ್ಲ: ಟ್ಯಾಬ್ ನಂಬಿ ಕೊಟ್ಟಿಗೆಹಾರದಿಂದ ಶೃಂಗೇರಿಗೆ

ಅಕ್ಟೋಬರ್ ಕೊನೆ, ಎರಡು ಬೈಕು, ಮೂರು ದಿನ. ಬೆಂಗಳೂರು, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ. ಬೋರ್ಡ್ ನೋಡಿಕೊಂಡೇ ಮುಗಿಸಬಹುದಾದ ದಾರಿ ಇದು. ಆದರೆ ನಮಗೆ ಕಾಫಿ ತೋಟಗಳ ನಡುವಿನ ಸಣ್ಣ ರಸ್ತೆಗಳಲ್ಲೇ ಹೋಗುವ ಹುಚ್ಚು. ಗೂಗಲ್ ಮ್ಯಾಪ್ಸ್ ಇದಕ್ಕೆ ಆಗಿಬರಲಿಲ್ಲ. ಹೊರಡುವ ಜಾಗ ಬಿಟ್ಟರೆ ಅದರಲ್ಲಿ 9 ಊರು ಸೇರಿಸಬಹುದು ಅಷ್ಟೇ, ಸ್ವಲ್ಪ ಕಣ್ಣು ತಪ್ಪಿದರೆ ಮತ್ತೆ ದೊಡ್ಡ ರಸ್ತೆಗೇ ಎಳೆಯುತ್ತದೆ. ಅದಕ್ಕೇ ಕಂಪ್ಯೂಟರ್‌ನಲ್ಲಿ ಕೂತು ದಾರಿ ಗೀಚಿ, ಅದನ್ನು ಜಿಪಿಎಕ್ಸ್ ಫೈಲ್ (ದಾರಿಯನ್ನು ಚುಕ್ಕೆಗಳಾಗಿ ಬರೆದಿಡುವ ಫೈಲ್) ಮಾಡಿ, ಮನೆಯಲ್ಲಿ ಸುಮ್ನೆ ಬಿದ್ದಿದ್ದ 8 ಇಂಚಿನ ಆಂಡ್ರಾಯ್ಡ್ ಟ್ಯಾಬ್‌ಗೆ ಹಾಕಿಕೊಂಡೆವು.

ಹಾಕಿಕೊಂಡೆವು ಅಂತ ಹೇಳುವುದು ಸುಲಭ. ಅದಕ್ಕೇ ಒಂದು ಸಂಜೆ ಪೂರ್ತಿ ಹೋಯಿತು.

ಎಲ್ಲಕ್ಕಿಂತ ಮೊದಲು ನಿಮ್ಮ ಟ್ಯಾಬ್‌ನಲ್ಲಿ ಜಿಪಿಎಸ್ ಇದೆಯಾ ನೋಡಿ. ಐಪ್ಯಾಡ್ ಆದರೆ ಸಿಮ್ ಸೌಲಭ್ಯ ಇರುವ ಮಾದರಿಗಳಲ್ಲಿ ಮಾತ್ರ ಜಿಪಿಎಸ್ ಇರುತ್ತದೆ. ಬರೀ ವೈಫೈ ಐಪ್ಯಾಡ್ ಮನೆಯಲ್ಲಿ ನಿಮ್ಮ ಬೀದಿಯನ್ನು ಸರಿಯಾಗೇ ತೋರಿಸುತ್ತದೆ, ಯಾಕಂದ್ರೆ ಅಕ್ಕಪಕ್ಕದ ವೈಫೈ ನೋಡಿ ಜಾಗ ಊಹಿಸುತ್ತದೆ. ತೋಟದ ನಡುವೆ ಯಾವ ವೈಫೈ? ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಎಲ್ಲದರಲ್ಲಿ ಇರುವುದಿಲ್ಲ. ಟೆರೇಸ್‌ಗೆ ಹೋಗಿ, ವೈಫೈ ಆಫ್ ಮಾಡಿ, ನೀಲಿ ಚುಕ್ಕೆ ಬರುತ್ತಾ ಅಂತ ಕಾಯಿರಿ. ಇಂಟರ್ನೆಟ್ ಇಲ್ಲದಾಗ ಮೊದಲ ಸಲ ಉಪಗ್ರಹ ಹಿಡಿಯಲು ಕೆಲವು ನಿಮಿಷ ಬೇಕಾಗಬಹುದು, ಅದಕ್ಕೆ ಗಾಬರಿ ಬೇಡ.

ಇನ್ನು ಕೇಬಲ್. ಕಂಪ್ಯೂಟರ್‌ಗೆ ಚುಚ್ಚಿದೆ, ಟ್ಯಾಬ್ ಚಾರ್ಜ್ ಆಗುತ್ತಿದೆ, ಆದರೆ ಕಂಪ್ಯೂಟರ್‌ನಲ್ಲಿ ಕಾಣಿಸುತ್ತಿಲ್ಲ. ಅರ್ಧ ಗಂಟೆ ಡ್ರೈವರ್ ಅದು ಇದು ಅಂತ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದು ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್. ಬೇರೆ ಕೇಬಲ್ ಹಾಕಿ, ಟ್ಯಾಬ್‌ನ ಪರದೆ ಮೇಲಿಂದ ಕೆಳಗೆ ಎಳೆದು, ಯುಎಸ್‌ಬಿ ಆಯ್ಕೆಯನ್ನು 'ಫೈಲ್ ಟ್ರಾನ್ಸ್‌ಫರ್' ಮಾಡಿದರೆ ಬಂತು. ಫೈಲನ್ನು ಡೌನ್‌ಲೋಡ್ ಫೋಲ್ಡರ್‌ಗೆ ಹಾಕಿ, ಸಾಕು. ಮ್ಯಾಪ್ ಆ್ಯಪ್‌ನ (ನಮ್ಮದು ಓಸ್ಮ್‌ಅಂಡ್) ಸ್ವಂತ ಫೋಲ್ಡರ್ ಹುಡುಕಿಕೊಂಡು ಹೋಗಬೇಡಿ. ಆಂಡ್ರಾಯ್ಡ್ 11ರ ನಂತರ ಅದು ಸಾಮಾನ್ಯ ಫೈಲ್ ಮ್ಯಾನೇಜರ್‌ನಲ್ಲಿ ಕಾಣುವುದಿಲ್ಲ. ಡೌನ್‌ಲೋಡ್‌ನಲ್ಲಿ ಇಟ್ಟು ಆ್ಯಪ್ ಒಳಗಿಂದ 'ಇಂಪೋರ್ಟ್' ಕೊಡಿ.

ಎರಡನೇ ದಿನದ ಫೈಲ್ ಗೆಳೆಯ ಮೇಲ್‌ನಲ್ಲಿ ಕಳಿಸಿದ್ದ. ಒತ್ತಿದರೆ ಮ್ಯಾಪ್ ಬದಲು ಬ್ರೌಸರ್ ತೆರೆದು ಪುಟಗಟ್ಟಲೆ ಅಂಕಿ ತೋರಿಸಿತು: 13 ಚುಕ್ಕೆ ಏನೋ, 75 ಚುಕ್ಕೆ ಏನೋ, ಮತ್ತೆ 13, ಮತ್ತೆ 75. ಫೈಲ್ ಕೆಟ್ಟಿಲ್ಲ, ಜಿಪಿಎಕ್ಸ್ ಅಂದರೆ ಒಳಗೆ ಇರುವುದೇ ಅದು, ಅಕ್ಷಾಂಶ ರೇಖಾಂಶದ ಉದ್ದನೆ ಪಟ್ಟಿ. ಇಳಿಸಿಕೊಳ್ಳುವಾಗ ಹೆಸರಿನ ಕೊನೆಗೆ 'ಡಾಟ್ ಎಕ್ಸ್‌ಎಂಎಲ್' ಅಂತ ಬಾಲ ಸೇರಿಕೊಂಡಿತ್ತು. ಬಾಲ ಕತ್ತರಿಸಿ ಹೆಸರು ಸರಿ ಮಾಡಿದರೆ ಓಸ್ಮ್‌ಅಂಡ್ ತಕ್ಷಣ ತೆಗೆದುಕೊಂಡಿತು.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡು ಮಲಗಿದೆವು. ನಿಜವಾದ ತಪ್ಪು ಇನ್ನೂ ಫೈಲ್ ಒಳಗೇ ಕೂತಿತ್ತು.

ಜಿಪಿಎಕ್ಸ್‌ನಲ್ಲಿ 'ಟ್ರ್ಯಾಕ್' ಅಂತ ಒಂದು, 'ರೂಟ್' ಅಂತ ಇನ್ನೊಂದು. ಟ್ರ್ಯಾಕ್ ಅಂದರೆ ನೂರಾರು ಚುಕ್ಕೆ, ಪ್ರತಿ ತಿರುವೂ ಅದರಲ್ಲೇ ಇರುತ್ತದೆ. ರೂಟ್ ಅಂದರೆ ಹತ್ತಿಪ್ಪತ್ತು ಚುಕ್ಕೆ ಅಷ್ಟೇ, ನಡುವಿನ ದಾರಿ ಆ್ಯಪ್ ತನಗೆ ತೋಚಿದ ಹಾಗೆ ಹುಡುಕಿಕೊಳ್ಳುತ್ತದೆ. ನಮ್ಮದು ರೂಟ್. ಕೊಟ್ಟಿಗೆಹಾರದಲ್ಲಿ ತಿಂಡಿ ಮುಗಿಸಿ, ಬಾಳೂರು, ಕೆಳಗೂರು ಮೇಲೆ ಕಳಸಕ್ಕೆ ಹೊರಟೆವು. ಒಂದು ಕಡೆ ಟ್ಯಾಬ್ ಎಡಕ್ಕೆ ತಿರುಗು ಅಂದಿತು. ತಿರುಗಿದೆವು. ಟಾರ್ ಹೋಗಿ ಮಣ್ಣಾಯಿತು, ಮಣ್ಣು ಹೋಗಿ ಕೆಸರಾಯಿತು, ಕೊನೆಗೆ ಬೀಗ ಹಾಕಿದ ತೋಟದ ಗೇಟು. ತಲೆ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡಿದ್ದ ಒಬ್ಬರು ಬಂದು, 'ಎಲ್ಲಿಗೆ ಹೋಗ್ಬೇಕಿತ್ತು ಮಾರಾಯ್ರೆ, ಇಲ್ಲಿಂದ ಮುಂದೆ ದಾರಿಯೇ ಇಲ್ಲ' ಅಂತ ನಕ್ಕರು. ಕೆಸರಲ್ಲಿ ಬೈಕ್ ತಿರುಗಿಸಲು ಅವರೇ ಕೈ ಕೊಟ್ಟರು. ಆಮೇಲೆ ಜೂಮ್ ಮಾಡಿ ನೋಡಿದರೆ, ಗೀಚುವಾಗ ಒಂದು ಚುಕ್ಕೆ ಮುಖ್ಯ ರಸ್ತೆಯ ಬದಲು ಪಕ್ಕದ ತೋಟದ ದಾರಿ ಮೇಲೆ ಬಿದ್ದಿದೆ. ಇಟ್ಟವನು ನಾನೇ.

ಹಾಗಾಗಿ ಉಳಿಸುವಾಗ ಟ್ರ್ಯಾಕ್ ಆಗಿಯೇ ಉಳಿಸಿ, ಪ್ರತಿ ಚುಕ್ಕೆಯನ್ನೂ ಹತ್ತಿರದಿಂದ ನೋಡಿ. ಕರ್ನಾಟಕದ ಆಫ್‌ಲೈನ್ ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ, ಇಲ್ಲದಿದ್ದರೆ ಬಿಳಿ ಹಾಳೆ ಮೇಲೆ ಒಂದು ಗೆರೆ ಮಾತ್ರ ಕಾಣುತ್ತದೆ. ಹೊರಡುವ ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಆ್ಯಪ್ ಮುಚ್ಚಿ ತೆರೆದು, ಗೆರೆ ಮೊದಲಿಂದ ಕೊನೆವರೆಗೆ ಬೆರಳಲ್ಲಿ ಓಡಿಸಿ ನೋಡಿ. ಹತ್ತು ನಿಮಿಷದ ಕೆಲಸ, ನಾವು ಮಾಡಲಿಲ್ಲ.

ದಿನಕ್ಕೊಂದು ಫೈಲ್ ಇರಲಿ. ಮೂರೂ ದಿನದ್ದು ಒಂದರಲ್ಲೇ ತುಂಬಿದರೆ, ಗೆರೆ ತನ್ನನ್ನೇ ದಾಟುವ ಜಾಗದಲ್ಲಿ ಆ್ಯಪ್‌ಗೆ ಯಾವ ಕಡೆ ಅಂತ ಗೊಂದಲ. ಕುದುರೆಮುಖದ ಕಾಡಿಗೆ ಹೋಗುವ ಮುಂಚೆಯೇ ಮುಂದಿನ ದಾರಿ ತೆರೆದಿಟ್ಟುಕೊಳ್ಳಿ. ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದು ಚೀಟಿ ಕೊಡುತ್ತಾರೆ, ನಡುವೆ ಬೈಕ್ ನಿಲ್ಲಿಸಿ ಟ್ಯಾಬ್ ಒತ್ತುತ್ತಾ ಕೂರುವ ಹಾಗಿಲ್ಲ. ಎಸ್.ಕೆ. ಬಾರ್ಡರ್ ಹತ್ತಿರ ಕಾರ್ಕಳದ ರಸ್ತೆ, ಶೃಂಗೇರಿ ರಸ್ತೆ ಬೇರೆಯಾಗುತ್ತವೆ, ನಮಗೆ ಬೇಕಾದದ್ದು ಕೆರೆಕಟ್ಟೆ ಕಡೆಯದು.

ಟ್ಯಾಬ್ ಹ್ಯಾಂಡಲ್ ಮೇಲೆ ಕೂರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಭಾರ ಜಾಸ್ತಿ, ಅದುರುವುದೂ ಜಾಸ್ತಿ. ಫೋನ್ ಹಾಕುವವರಿಗೂ ಒಂದು ಮಾತು: ದೊಡ್ಡ ಎಂಜಿನ್ ಬೈಕಿನ ಅದುರುವಿಕೆಗೆ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ಮೇಲೆ ಪಾರದರ್ಶಕ ಜೇಬು ಇರುವ ಟ್ಯಾಂಕ್ ಬ್ಯಾಗ್ ವಾಸಿ. ಆದರೆ ಬಿಸಿಲಲ್ಲಿ ಒಳಗೆ ಕಾದು ಪರದೆ ಮಂಕಾಗುತ್ತದೆ, ಟೀಗೆ ನಿಂತಾಗ ಹೊರಗೆ ತೆಗೆದಿಡಿ.

ಆಗುಂಬೆಯಲ್ಲಿ ಮಳೆ ಹಿಡಿಯಿತು. ಜೇಬಿನ ಮೇಲೆ ಬಿದ್ದ ಹನಿಗಳನ್ನೇ ಬೆರಳು ಅಂದುಕೊಂಡು ಪರದೆ ತಾನಾಗಿ ಜೂಮ್ ಆಗುತ್ತಾ, ಸರಿಯುತ್ತಾ ಹೋಯಿತು. ಪರದೆ ಲಾಕ್ ಮಾಡಿ ಬ್ಯಾಗಿನ ಒಳಗೆ ಹಾಕಿದೆ. ಗೆಳೆಯ ತನ್ನ ಟ್ಯಾಂಕ್ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ತೀರ್ಥಹಳ್ಳಿ, ಶಿವಮೊಗ್ಗ ಅಂತ ಬಾಲ್‌ಪೆನ್‌ನಲ್ಲಿ ಬರೆದಿತ್ತು, ಮೇಲೆ ಸೆಲ್ಲೋ ಟೇಪ್. ಅಲ್ಲಿಂದ ಅವನು ಮುಂದೆ, ನಾನು ಹಿಂದೆ.